ಪಕ್ಕದ ಓಣಿಯ ಸ್ಫೂರ್ತಿ

ಏನಾದರೂ ಹೊಸದು ಮಾಡಬೇಕು ಎಂದು ಕೂತವರು ಮೊದಲು ಮಾಡುವ ಕೆಲಸ, ಬೇರೆಯವರು ಮಾಡಿದ್ದನ್ನು ನೋಡುವುದು. ಪೋಸ್ಟರ್ ಆಗಲಿ, ಪುಸ್ತಕದ ಮುಖಪುಟವಾಗಲಿ, ಪೆನ್ಸಿಲ್ ಹಿಡಿಯುವ ಮುಂಚೆ, ಚಿತ್ರಗಳನ್ನು ಹುಡುಕಿ ಕೂಡಿಡುವ ಪಿಂಟರೆಸ್ಟ್ ತಾಣವನ್ನು ತೆರೆಯುತ್ತೇವೆ. ಒಂದು ಚಿತ್ರ ಒತ್ತಿದರೆ ಅದರಂಥದ್ದೇ ಇನ್ನೂ ನೂರು ಬರುತ್ತವೆ. ಚೆನ್ನಾಗಿದೆ ಅನ್ನಿಸಿದ್ದನ್ನೆಲ್ಲ ಉಳಿಸಿಡುತ್ತೇವೆ. ನನ್ನ ಹತ್ತಿರವೂ ‘ಸ್ಫೂರ್ತಿ’ ಎಂಬ ಹೆಸರಿನ ಫೋಲ್ಡರ್ ಇದೆ. ಒಳಗೆ ಏನಿದೆ ಎಂದು ಮಾತ್ರ ಕೇಳಬೇಡಿ.

ತೊಂದರೆ ಇರುವುದು ಆ ‘ಅದರಂಥದ್ದೇ’ಯಲ್ಲಿ. ಎಲ್ಲರೂ ಅವೇ ಚಿತ್ರಗಳನ್ನು ನೋಡುತ್ತೇವೆ. ಎಲ್ಲರ ಕೈಯಿಂದಲೂ ಅದೇ ತಿಳಿಬಣ್ಣ, ಅದೇ ದಪ್ಪ ಅಕ್ಷರ, ಅದೇ ಉದ್ದುದ್ದ ಕೈಕಾಲಿನ ಪುಟ್ಟ ತಲೆಯ ಗೊಂಬೆ ಹೊರಬರುತ್ತದೆ. ಆ ಗೊಂಬೆಯನ್ನು ನೀವೂ ನೋಡಿರುತ್ತೀರಿ. ಬ್ಯಾಂಕಿನ ಆ್ಯಪ್‌ನಲ್ಲೂ ಅದೇ, ಆಸ್ಪತ್ರೆಯ ಆ್ಯಪ್‌ನಲ್ಲೂ ಅದೇ. ಸಾಲ ಸಿಕ್ಕಿದೆಯೋ ಜ್ವರ ಬಂದಿದೆಯೋ, ಮುಖ ನೋಡಿ ಹೇಳೋದು ಕಷ್ಟ.

ಒಳ್ಳೆಯ ವಿನ್ಯಾಸಗಳ ಹಿಂದಿನ ಕತೆ ಓದಿದರೆ, ಅವನ್ನು ಮಾಡಿದವರು ಕದ್ದದ್ದು ಸ್ವಂತ ಓಣಿಯಲ್ಲಿ, ಅಂದರೆ ತಮ್ಮದೇ ಕ್ಷೇತ್ರದಲ್ಲಿ, ಅಲ್ಲವೇ ಅಲ್ಲ. ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು 1931ರಲ್ಲಿ ಹೊಸದಾಗಿ ಬರೆದ ಹ್ಯಾರಿ ಬೆಕ್, ವಿದ್ಯುತ್ ನಕ್ಷೆಗಳನ್ನು ಬರೆಯುತ್ತಿದ್ದ ಡ್ರಾಫ್ಟ್ಸ್‌ಮನ್. ಊರಿನ ಅಂಕುಡೊಂಕು, ಅಳತೆ, ದೂರ ಎಲ್ಲವನ್ನೂ ಬಿಟ್ಟರು. ನೇರ, ಅಡ್ಡ, ಓರೆ ಗೆರೆಗಳನ್ನಷ್ಟೇ ಇಟ್ಟುಕೊಂಡರು. ಅಧಿಕಾರಿಗಳು ಮೊದಲು ಬೇಡ ಎಂದರು. 1933ರಲ್ಲಿ ಅಚ್ಚಾಗಿ ಜನರ ಕೈಗೆ ಹೋದಾಗ ಅದು ಹಿಡಿದುಬಿಟ್ಟಿತು. ಸುರಂಗದಲ್ಲಿ ಕೂತವರಿಗೆ ಮೇಲಿನ ರಸ್ತೆ ಎಷ್ಟು ಸೊಟ್ಟಗಿದ್ದರೇನು? ಎಲ್ಲಿ ಇಳಿಯಬೇಕು, ಎಲ್ಲಿ ರೈಲು ಬದಲಿಸಬೇಕು, ಅಷ್ಟೇ ಅಲ್ವಾ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಸೂಸನ್ ಕೇರ್ ಅವರ ಕತೆ. 1984ರಲ್ಲಿ ಬಂದ ಆ್ಯಪಲ್ ಕಂಪನಿಯ ಮೊದಲ ಮ್ಯಾಕಿಂಟಾಷ್ (ಮ್ಯಾಕ್) ಕಂಪ್ಯೂಟರಿಗೆ ಐಕಾನ್‌ಗಳನ್ನು, ಅಂದರೆ ತೆರೆಯ ಮೇಲಿನ ಪುಟ್ಟ ಗುರುತಿನ ಚಿತ್ರಗಳನ್ನು, ಬರೆದವರು ಅವರು. ಓದಿದ್ದು ಕಲೆ. ಆ ಕೆಲಸಕ್ಕೆ ಕರೆ ಬಂದಾಗ ಮ್ಯೂಸಿಯಂ ಒಂದಕ್ಕೆ ಲೋಹದ ಹಂದಿಯೊಂದನ್ನು ಬೆಸೆಯುತ್ತಿದ್ದರಂತೆ! ಅವರು ಮೊದಲು ಕೂತದ್ದು ಕಂಪ್ಯೂಟರ್ ಮುಂದಲ್ಲ, ಗ್ರಾಫ್ ಹಾಳೆಯ ಮುಂದೆ. ಉದ್ದಕ್ಕೆ 32 ಚೌಕ, ಅಗಲಕ್ಕೆ 32 ಚೌಕ. ಒಂದು ಚೌಕ ಕಪ್ಪಾದರೂ ಆಗಬೇಕು, ಬಿಳಿಯಾದರೂ ಆಗಬೇಕು. ನಡುವೆ ಬೂದುಬಣ್ಣವೂ ಇಲ್ಲ. ಬೇರೆ ಯಾರಾದರೂ ತಲೆ ಚಚ್ಚಿಕೊಳ್ಳುತ್ತಿದ್ದರೋ ಏನೋ. ಕೇರ್ ಅವರಿಗೆ ಎಳೆ ಎಣಿಸಿ ಹಾಕುವ ಕಸೂತಿ ಗೊತ್ತಿತ್ತು, ಬಣ್ಣದ ಚೂರು ಜೋಡಿಸಿ ಚಿತ್ರ ಮಾಡುವ ಮೊಸಾಯಿಕ್ ಗೊತ್ತಿತ್ತು. ಅಲ್ಲೂ ಹೀಗೆಯೇ, ಒಂದೊಂದೇ ಮನೆ ತುಂಬುತ್ತಾ ಹೋಗುವುದು.

ಮ್ಯಾಕ್ ಕೀಬೋರ್ಡಿನ ಕಮಾಂಡ್ ಕೀ ಮೇಲೆ ನಾಲ್ಕು ಮೂಲೆಗೂ ಕುಣಿಕೆಯಿರುವ ಒಂದು ಗುರುತಿದೆ. ಅದನ್ನು ಕೇರ್ ಹೊಸದಾಗಿ ಕಟ್ಟಲಿಲ್ಲ. ಚಿಹ್ನೆಗಳ ಒಂದು ಕೋಶ ತಿರುವಿಹಾಕುವಾಗ ಸಿಕ್ಕಿತು. ಸ್ವೀಡನ್ನಿನಲ್ಲಿ ‘ಇಲ್ಲಿ ನೋಡುವಂಥದ್ದು ಏನೋ ಇದೆ’ ಎಂದು ಪ್ರವಾಸಿಗರಿಗೆ ತೋರಿಸುವ ಗುರುತು ಅದು. ಕಂಪ್ಯೂಟರಿಗೂ ಪ್ರವಾಸಕ್ಕೂ ಏನು ಸಂಬಂಧ? ಏನೂ ಇಲ್ಲ. ಕಣ್ಣಿಗೆ ಚೆಂದ ಕಂಡಿತು, ಚಿಕ್ಕ ಚೌಕದಲ್ಲಿ ಕೂತುಕೊಂಡಿತು. ಇದೇ ಕೆಲಸ ಇಂದು ನಡೆದಿದ್ದರೆ, ಬೇರೆ ಕಂಪ್ಯೂಟರುಗಳ ಕೀಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದೆವು.

ಈಗಿನವರಲ್ಲಿ ಜರ್ಮನಿಯ ಚಿತ್ರಕಾರ ಕ್ರಿಸ್ಟೋಫ್ ನೀಮನ್ ಓಣಿಯನ್ನೂ ದಾಟುವುದಿಲ್ಲ, ಮೇಜಿನ ಮೇಲಿದ್ದದ್ದೇ ಸಾಕು. ಒಂದು ವಸ್ತುವನ್ನು ಬಿಳಿ ಹಾಳೆಯ ಮೇಲಿಟ್ಟು ಸುತ್ತ ನಾಲ್ಕು ಗೆರೆ ಎಳೆಯುತ್ತಾರೆ. ಇಂಕಿನ ಬಾಟಲಿ ಕ್ಯಾಮೆರಾ ಆಗುತ್ತದೆ. ಬಾಳೆಹಣ್ಣುಗಳು ಕುದುರೆಯ ಹಿಂಭಾಗವಾಗುತ್ತವೆ. ನೋಡಿದ ಮೇಲೆ, ಅಯ್ಯೋ ಇಷ್ಟೇನಾ ಅನ್ನಿಸುತ್ತದೆ. ನೋಡುವ ಮುಂಚೆ ಯಾಕೆ ಹೊಳೆಯಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸುಮ್ನೆ ನನ್ನ ಕನ್ನಡಕ ಇಟ್ಟು ನೋಡಿದೆ. ಮೊದಲು ಬಂದದ್ದು ಸೈಕಲ್. ಅದು ಯಾರಿಗಾದರೂ ಬರುವಂಥದ್ದು. ಆಮೇಲೆ ಗೂಬೆ. ಅದೂ ಅಷ್ಟೇ. ಬೇಜಾರಾಗಿ, ಗಾಜು ಹಾಳೆಗೆ ತಾಗುವ ಹಾಗೆ ಬೋರಲು ಹಾಕಿದೆ. ಕಡ್ಡಿಗಳೆರಡೂ ಮೇಲೆದ್ದವು. ಈಗ ಅಲ್ಲಿ ಗುಂಡಗಿನವರಿಬ್ಬರು ಪಕ್ಕಪಕ್ಕ ಕೂತು, ಒಂದೊಂದು ಕೈ ಎತ್ತಿ ಬಸ್ಸು ನಿಲ್ಲಿಸುತ್ತಿದ್ದಾರೆ. ಬಸ್ಸು ಬರೆಯಲು ಹಾಳೆಯಲ್ಲಿ ಜಾಗ ಸಾಲಲಿಲ್ಲ.