ಬಾಗಿಲದ್ದಲ್ಲ ತಪ್ಪು

ನನ್ನ ಹಳೇ ಪಿಕಪ್ಪಿನ ಬಾಗಿಲು ಹಾಕುವುದಕ್ಕೆ ಒಂದು ಕ್ರಮ ಇತ್ತು. ಹಿಡಿಕೆ ಹಿಡಿದು ಸ್ವಲ್ಪ ಮೇಲೆತ್ತಬೇಕು, ಆಮೇಲೆ ಸೊಂಟದಿಂದ ಒಂದು ಗುದ್ದು. ಕೀಲಿಗೆ ಎಣ್ಣೆ ಬಿಟ್ಟೆ. ಕೀಲನ್ನೇ ಬದಲಿಸಿದೆ. ಲಾಕೂ ಬದಲಿಸಿದೆ. ಕೊನೆಗೆ ಬಾಯಿಗೆ ಬಂದಂತೆ ಬೈದೆ.

ಮೊನ್ನೆ 10ನೇ ನಂಬರಿನ ಸ್ಪ್ಯಾನರ್ ಉರುಳಿ ಗಾಡಿ ಕೆಳಗೆ ಹೋಯಿತು. ಹುಡುಕಲು ತೂರಿದೆ. ಕಣ್ಣಿಗೆ ಒಣಮಣ್ಣು ಬಿತ್ತು. ಸ್ಪ್ಯಾನರ್ ಸಿಗಲಿಲ್ಲ, ಅದು ಯಾವತ್ತು ಸಿಕ್ಕಿದೆ? ಸಿಕ್ಕಿದ್ದು ಕ್ಯಾಬಿನ್ನಿನ ಹಿಂದೆ, ಚಾಸಿಯಲ್ಲಿ ಒಂದು ಬಿರುಕು. ಗಾಡಿಯನ್ನೆಲ್ಲ ಹೊತ್ತ ತೊಲೆಯೇ ಬಗ್ಗಿದ ಮೇಲೆ ಬಾಗಿಲು ಹೇಗೆ ನೆಟ್ಟಗೆ ಕೂರಬೇಕು? ಪಾಪ, ಸುಮ್ನೆ ಬೈದಿದ್ದೆ.

ವೆಲ್ಡಿಂಗ್ ಮೇಸ್ತ್ರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ ಜಾಸ್ತಿ. ಸಣ್ಣ ಸುತ್ತಿಗೆಯಿಂದ ಚಾಸಿಗೆ ಒಂದೇಟು ಹಾಕಿ ಕಣ್ಣು ಮುಚ್ಚುತ್ತಾರೆ. ನಾವು ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಾಗಿಸುತ್ತಾರೆ. 'ಟಣ್' ಅಂದರೆ ಗಟ್ಟಿ. 'ಟಪ್' ಅಂದರೆ ಒಳಗೆ ತುಕ್ಕೋ ಬಿರುಕೋ ಇದೆ.

ಟಣ್. ಟಣ್. ಟಪ್.

"ಕೇಳಿಸ್ತಾ ಸಾರ್?"

ನನಗೆ ಮೂರೂ ಒಂದೇ ಥರ ಕೇಳಿಸಿತ್ತು. ಆದರೂ ಹೂಂ ಅಂದೆ. ಅದೇ ತಪ್ಪಾಯಿತು. ಅವರಿಗೆ ಹುರುಪು ಬಂತು. ಬಂಪರಿಗೆ ಬಡಿದರು, ಆಕ್ಸಲ್‌ಗೆ ಬಡಿದರು, ಜಾಕಿಗೂ ಬಡಿದರು. ತಾವು ಕೂತಿದ್ದ ಸ್ಟೂಲಿಗೆ ಬಡಿದು "ಇದೂ ಹೋಗಿದೆ" ಅಂದರು. ಗಂಟೆಯಾದರೂ ವೆಲ್ಡಿಂಗ್ ಮಾತ್ರ ಶುರುವಾಗಲಿಲ್ಲ.

ಬಣ್ಣ ಉಜ್ಜಿ ತೆಗೆದರೆ ಬೆರಳುದ್ದದ ಬಿರುಕು ಗೇಣುದ್ದ ಆಯಿತು. ಅದರ ತುದಿಗೆ ಅವರು ಡ್ರಿಲ್ ಇಟ್ಟರು. ಒಡೆದದ್ದು ಸಾಲದು ಅಂತ ತೂತು ಬೇರೆನಾ? ಚೂಪು ತುದಿಯಲ್ಲೇ ಎಳೆತವೆಲ್ಲ ಸೇರಿ ಬಿರುಕು ಮುಂದೆ ಓಡುತ್ತದಂತೆ, ದುಂಡು ತೂತು ಸಿಕ್ಕರೆ ಅಲ್ಲೇ ನಿಲ್ಲುತ್ತದಂತೆ. ಆಮೇಲೆ ಬ್ಯಾಟರಿ ತಂತಿ ಬಿಚ್ಚಿಸಿದರು, ಬಿರುಕಿನುದ್ದಕ್ಕೂ ತೋಡು ತೆಗೆದು ಬೆಸೆದರು.

ಪಕ್ಕದಲ್ಲಿ ಒಂದು ಹಳೇ ಚೌಕ ಪ್ಲೇಟ್ ಇತ್ತು. ಬಿರುಕು ಹುಟ್ಟಿದ್ದೇ ಅದರ ಅಂಚಿನಲ್ಲಿ.

"ಯಾವ ಪುಣ್ಯಾತ್ಮ ಸಾರ್ ಇದನ್ನ ಬಡಿದಿದ್ದು? ಚಾಸಿಗೆ ಅಡ್ಡಡ್ಡ ನೇರವಾಗಿ ಬೆಸೀತಾರಾ ಯಾರಾದ್ರೂ? ಅಂಚು ಓರೆ ಇರಬೇಕು."

"ಹಳೇ ಓನರ್ ಇರಬೇಕು" ಅಂದೆ.

ಆ ಪುಣ್ಯಾತ್ಮರು ನಾನು ಮತ್ತು ನನ್ನ ಗೆಳೆಯ. ಹಳ್ಳ ದಾಟಿ, ಕಲ್ಲು ಹತ್ತಿ ಚಾಸಿ ಸೀಳಿಕೊಂಡ ಮೇಲೆ ಒಂದು ರಾತ್ರಿ ಟಾರ್ಚ್ ಬೆಳಕಲ್ಲಿ ಬೆಸೆದಿದ್ದೆವು. ನಮ್ಮಿಬ್ಬರ ಮೊದಲ ವೆಲ್ಡಿಂಗ್ ಅದು. ಗೆಳೆಯ ದೂರ ಹೋಗಿ ವರ್ಷಗಳಾದವು. ಮೇಸ್ತ್ರಿ ಆ ಪ್ಲೇಟನ್ನು ಕತ್ತರಿಸಿ ಬಿಸಾಡಿದಾಗ, ಯಾಕೋ ಎತ್ತಿ ಸೀಟಿನ ಹಿಂದೆ ಇಟ್ಟುಕೊಂಡೆ.

ಅದರ ಜಾಗಕ್ಕೆ ವಜ್ರದಾಕಾರದ ಪ್ಲೇಟ್ ಬಂತು. ಬಾಗಿಲೂ ನೆಟ್ಟಗಾಯಿತು. ಬೆರಳಲ್ಲಿ ತಳ್ಳಿದರೆ ಸಾಕು, ಕ್ಲಿಕ್.

ಹೊರಡುವ ಖುಷಿಯಲ್ಲಿ ನಾನು ಹಿಡಿಕೆ ಮೇಲೆತ್ತಿದೆ. ಸೊಂಟದಿಂದ ಗುದ್ದಿದೆ.

ಕಿಟಕಿಯ ಗಾಜು ಬಾಗಿಲೊಳಗೆ ಧಡ್ ಅಂತ ಇಳಿಯಿತು. ಮೇಸ್ತ್ರಿ ಸುತ್ತಿಗೆ ಹುಡುಕತೊಡಗಿದರು.