ಟೆನೆರೀಫೆಗೆ ಹೋಗುವವರು ಸ್ವೆಟರ್ ಮರೀಬೇಡಿ

ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರೀಫೆಗೆ ಹೋದರೆ ದಕ್ಷಿಣ ಕರಾವಳಿಯಲ್ಲೇ ವಾರ ಪೂರ್ತಿ ಕಳೆಯಿರಿ ಅಂತ ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ಬಿಸಿಲಷ್ಟೇ ಸಾಕು ಅನ್ನೋರಿಗೆ ಸರಿ, ಆದರೆ ಅರ್ಧ ದ್ವೀಪ ತಪ್ಪಿಹೋಗುತ್ತೆ. ಈಶಾನ್ಯದ ಗಾಳಿ ಹೊತ್ತು ತರುವ ಮೋಡ ಬೆಟ್ಟಗಳ ಉತ್ತರದ ಇಳಿಜಾರಿಗೇ ಬಂದು ನಿಲ್ಲುತ್ತೆ. ಅದಕ್ಕೇ ಆ ಕಡೆಯ ಅನಾಗಾ ಕಾಡಿನಲ್ಲಿ ಕೊಂಬೆಗೆಲ್ಲ ಪಾಚಿ, ಮಳೆ ಇಲ್ಲದಿದ್ದರೂ ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತೆ. ದಕ್ಷಿಣದಲ್ಲಿ ನೋಡಿದರೆ ಬರೀ ಕಳ್ಳಿಗಿಡ.

ಇನ್ನು ದ್ವೀಪದ ನಡುವಿನ ಜ್ವಾಲಾಮುಖಿ ಪರ್ವತ ಟೆಯ್ಡೆ. ಎತ್ತರ 3,715 ಮೀಟರ್, ಕೇಬಲ್ ಕಾರ್ ಹೋಗೋದು 3,555ರವರೆಗೆ ಮಾತ್ರ. ಅಲ್ಲಿಂದ ತುದಿಗೆ ನಡೆಯಲು ಮೊದಲೇ ಪರವಾನಗಿ ಮಾಡಿಸಬೇಕು. ಇದನ್ನೇ ನೀವು ಬಿಟ್ಟಿದ್ದೀರಲ್ಲ! ಗಾಳಿ ಜೋರಾದರೆ ಕೇಬಲ್ ಕಾರೂ ನಿಲ್ಲುತ್ತೆ, ಹಾಗಾಗಿ ಟೆಯ್ಡೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಬೀಚಿನ ಚಪ್ಪಲಿಯಲ್ಲಂತೂ ಹತ್ತಲೇಬೇಡಿ.