ಕಣ್ಣಿನ ಪ್ರೆಶರ್ ಮತ್ತು ನಮ್ಮೂರ ನೆಂಟರು

"ಅಲ್ಲೀತನಕ ಹೋಗಿ, ಅಷ್ಟು ದುಡ್ಡು ಸುರಿದು, ಮೊದಲಿಗಿಂತ ಚಲೋ ಕಾಣಂಗಿಲ್ಲ ಅಂದ್ರೆ ಅದೆಂಥಾ ಆಪರೇಷನ್ ಅಕ್ಕಾ?"

ದಾವಣಗೆರೆಯ ನಮ್ಮ ನಡುಮನೆಯಲ್ಲಿ ಮಂಡಕ್ಕಿ ತಟ್ಟೆ ಹಿಡಿದು ಕೂತಿದ್ದ ಚಿಕ್ಕಮ್ಮ ಅಮ್ಮನನ್ನು ಕೇಳಿದ್ದು ಇದು. ಅಮ್ಮ ನನ್ನ ಮುಖ ನೋಡಿದರು. ನನಗೆ ಚುರ್ ಅಂತು. ಕೊಯಮತ್ತೂರಿಗೆ ಕರೆಸಿಕೊಂಡು, ಮಿಲ್ಲಿಗೆ ರಜೆ ಹಾಕಿ ಆಪರೇಷನ್ ಮಾಡಿಸಿದವನು ನಾನೇ ಅಲ್ವಾ?

ನಮ್ಮೂರಲ್ಲಿ ಕಣ್ಣಿನ ಆಪರೇಷನ್ ಅಂದರೆ ಪೊರೆ ತೆಗೆಸೋದು. ಪಟ್ಟಿ ಬಿಚ್ಚಿದ ಮೇಲೆ ಗೋಡೆಯ ಕ್ಯಾಲೆಂಡರಿನ ತಿಥಿ ಓದಿದರೆ ಪಾಸು, ಇಲ್ಲದಿದ್ದರೆ ಡಾಕ್ಟರು ಸರಿಯಿಲ್ಲ. ಅಮ್ಮನಿಗಿರುವ ಗ್ಲುಕೋಮ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕಣ್ಣೊಳಗೆ ನೀರಿನಂಥ ದ್ರವ ಸದಾ ಊರುತ್ತಿರುತ್ತದೆ. ಅದು ಆಚೆ ಹೋಗುವ ದಾರಿ ಕಟ್ಟಿಕೊಂಡರೆ ಕಣ್ಣಿನ ಪ್ರೆಶರ್ ಏರುತ್ತದೆ, ಕಣ್ಣಿನ ನರ ಹಾಳಾಗುತ್ತದೆ. ಹೋದ ನರ ಹೋಯಿತು. ಉಳಿದದ್ದನ್ನು ಕಾಪಾಡಿಕೊಳ್ಳಲು ಆಪರೇಷನ್, ಅಷ್ಟೇ. ಇದನ್ನು ಚಿಕ್ಕಮ್ಮನಿಗೆ ಎಷ್ಟು ಹೇಳಿದರೂ "ಹಂಗಾದ್ರೆ ಸುಮ್ನೆ ಬಿಡಬೇಕಿತ್ತು" ಅಂದರು.

ಕೊಯಮತ್ತೂರಿನ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಕಂಡದ್ದೇ ಬೇರೆ. ಅಲ್ಲಿ ಅಜ್ಜಿಯರು ತಮ್ಮ ಪ್ರೆಶರ್ ನಂಬರ್ ಹೇಳಿಕೊಳ್ಳುತ್ತಾರೆ. ನಿಮಗೆಷ್ಟು, ನನಗೆ ಹದಿನಾಲ್ಕು, ಹೋದ ಸಲ ಹದಿನೆಂಟಿತ್ತು! ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ (ಪಾದರಸದ ಅಳತೆ) ಇರಬೇಕು, ಆದರೆ ನರ ಆಗಲೇ ಸೊರಗಿದ್ದರೆ ಇನ್ನೂ ಕಡಿಮೆಗೆ ಇಳಿಸಬೇಕು ಅನ್ನುವುದು ಅವರಿಗೆ ಬಾಯಿಪಾಠ. ಅಮ್ಮನಿಗೆ ದಾವಣಗೆರೆಯಲ್ಲಿ ವರ್ಷಗಟ್ಟಲೆ ಡ್ರಾಪ್ಸ್ ಹಾಕಿದೆವು. ಪ್ರೆಶರ್ ಎಷ್ಟಿದೆ ಅಂತ ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಶುಗರ್ ಎಷ್ಟು, ಬಿ.ಪಿ. ಎಷ್ಟು ಅಂತ ಬೀದಿಯವರಿಗೆಲ್ಲ ಗೊತ್ತಿತ್ತು.

ಅಮ್ಮನಿಗೆ ದಮ್ಮು ಇರುವುದರಿಂದ ಟಿಮೊಲಾಲ್ ಅನ್ನುವ ಡ್ರಾಪ್ಸ್ ಹಾಕುವಂತಿರಲಿಲ್ಲ. ಬೇರೆ ಡ್ರಾಪ್ಸ್‌ಗೆ ಪ್ರೆಶರ್ 26ರಿಂದ ಕೆಳಗೆ ಇಳಿಯಲಿಲ್ಲ. ಹಾಗಾಗಿ ಟ್ರಾಬೆಕ್ಯುಲೆಕ್ಟಮಿ ಅನ್ನುವ ಆಪರೇಷನ್. ಮೇಲಿನ ರೆಪ್ಪೆಯಡಿ, ಬಿಳಿಗುಡ್ಡೆಯಲ್ಲಿ ಸಣ್ಣ ಬಾಗಿಲಿನಂತೆ ಕತ್ತರಿಸಿ ಒಳಗಿನ ದ್ರವಕ್ಕೆ ಹೊಸ ದಾರಿ ಮಾಡುತ್ತಾರೆ. ಆ ದ್ರವ ಬಿಳಿಗುಡ್ಡೆಯ ಮೇಲಿನ ತೆಳು ಪದರದ ಕೆಳಗೆ ಬಂದು ಸಣ್ಣ ಗುಳ್ಳೆಯಂತೆ ಉಬ್ಬಿ, ಮೆಲ್ಲಗೆ ಇಂಗುತ್ತದೆ. ವಿಚಿತ್ರ ಏನಂದರೆ, ಬೇರೆ ಯಾವ ಆಪರೇಷನ್ ಆದರೂ ಗಾಯ ಬೇಗ ಮಾಯಲಿ ಅಂತೀವಿ. ಇಲ್ಲಿ ಗಾಯ ಪೂರ್ತಿ ಮಾಯ್ದು ದಾರಿ ಮುಚ್ಚಿದರೆ ಆಪರೇಷನ್ ಕೆಟ್ಟಿತು. ಅದಕ್ಕೇ ಗಾಯ ಮಾಯುವುದನ್ನು ತಡೆಯುವ ಮೈಟೊಮೈಸಿನ್ ಔಷಧಿ ಹಚ್ಚುತ್ತಾರೆ. ಅದಕ್ಕೇ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ಕರೆಸುತ್ತಾರೆ. ಬೇಕಾದರೆ ಲೇಸರ್‌ನಿಂದ ಹೊಲಿಗೆ ಸಡಿಲಿಸುತ್ತಾರೆ. ಅಮ್ಮನದು 12ಕ್ಕೆ ಬಂತು.

ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಬೀಳಬಾರದು. ಇದನ್ನೆಲ್ಲ ಹೇಳಿದ ನರ್ಸಮ್ಮ, ಡ್ರಾಪ್ಸ್ ಹಾಕುವುದನ್ನೂ ಅಮ್ಮನ ಕೈಯಲ್ಲೇ ಮಾಡಿಸಿ ನೋಡಿದಳು. ಕೆಳರೆಪ್ಪೆ ಎಳೆದು ಒಂದೇ ಹನಿ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿಕೊಂಡಿರಬೇಕು. ಎರಡನೇ ಔಷಧಿಗೆ ಐದು ನಿಮಿಷ ತಡೆಯಬೇಕು. ಊರಿನಲ್ಲಿ ಮಾಡುತ್ತಿದ್ದದ್ದು? ಬಾಟಲಿ ಬೋರಲು ಹಾಕಿ ಮೂರು ನಾಲ್ಕು ಹನಿ, ಅರ್ಧ ಕೆನ್ನೆಗೆ, ಸೆರಗಿನಲ್ಲಿ ಒರೆಸಿಕೊಂಡು ಒಲೆ ಮುಂದೆ.

ನಮ್ಮ ಮಾವನಂತೂ ಕೈಮುಗಿಯಬೇಕಾದ ಆಸಾಮಿ. ಅಕ್ಕನಿಗಿದ್ದರೆ ತಮ್ಮನಿಗೂ ಬರುವ ಸಂಭವ ಜಾಸ್ತಿ, ಒಮ್ಮೆ ತೋರಿಸು ಮಾವ ಅಂದೆ. "ನಂಗೆ ಚಲೋ ಕಾಣ್ತತಲ್ಲೋ" ಅಂತ ಎದುರಿನ ಅಂಗಡಿ ಬೋರ್ಡು ಓದಿ ತೋರಿಸಿದರು. ನೋವಿಲ್ಲದೆ, ಪಕ್ಕದ ದೃಷ್ಟಿಯಿಂದ ಶುರುವಾಗಿ ಹೋಗುವ ಕಾಯಿಲೆಗೆ ಬೋರ್ಡು ಓದಿದರೆ ಏನು ಬಂತು?

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಲೇಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಪ್ರೆಶರ್ ನೋಡುವವರಿಗೇನೂ ಬರವಿಲ್ಲ. ಕೇಳದೇ ಇದ್ದವರು ನಾವು. ಇನ್ನೊಂದು, ಕೊಯಮತ್ತೂರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ತಾತನಿಗೂ ಗ್ಲುಕೋಮ. ಅವರ ನಂಬರ್, ಚಾರ್ಟು ಎಲ್ಲ ಪಕ್ಕಾ. ಆದರೆ ಕೈ ನಡುಗುತ್ತದೆ, ಹನಿ ಹಾಕಿಕೊಡಲು ಮನೆಯಲ್ಲಿ ಯಾರೂ ಇಲ್ಲ. ತೆರೆದು ತಿಂಗಳಾದರೆ ಬಿಸಾಡಬೇಕಾದ ಬಾಟಲಿ ಫ್ರಿಜ್ಜಿನಲ್ಲಿ ಹಾಗೇ ಕೂತಿರುತ್ತದೆ. ದಾವಣಗೆರೆಯಲ್ಲಿ ಅಮ್ಮನ ಕೊಡ ಎತ್ತಿಡುವವರು ಎದುರುಮನೆಯವರು. ಬಾಗಿಲಿಗೆ ರಂಗೋಲಿ ಅವರ ಮಗಳದು. ಹೊತ್ತಿಗೆ ಸರಿಯಾಗಿ ಬಂದು ಹನಿ ಹಾಕುವವರು ಚಿಕ್ಕಮ್ಮ. "ಇದರಿಂದ ಏನೂ ಉಪಯೋಗ ಇಲ್ಲ ಬಿಡು" ಅಂತ ಗೊಣಗುತ್ತಲೇ ಹಾಕುತ್ತಾರೆ, ಒಂದು ಹೊತ್ತೂ ತಪ್ಪಿಸಿಲ್ಲ.